ಇಲ್ಲದ ಹಾಳೆ ಓದಿದ ಗುರುಮೂರ್ತಿ

ಹರಿಹರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಗುರುಮೂರ್ತಿಯವರಿಗೆ ಹೊಸ ಕಾದಂಬರಿಯೆಂದರೆ ಅದರಲ್ಲಿ ಸರ್ಕಾರ ಬೀಳಬೇಕು, ಇಲ್ಲವೇ ನಾಯಕ ಜೈಲಿಗೆ ಹೋಗಬೇಕು. ಹೆಂಡತಿ ಭಾಗ್ಯಲಕ್ಷ್ಮಿ ಓದುವ ಪ್ರೇಮಕಥೆಗಳು ಅವರ ಪಾಲಿಗೆ ಪುಸ್ತಕಗಳೇ ಅಲ್ಲ. ಅದಕ್ಕೇ ಮೊನ್ನೆ ದಾವಣಗೆರೆಯಲ್ಲಿ ಆಕೆಗೆ ಕಣ್ಣಿನ ಪೊರೆ ತೆಗೆಸಿದಾಗ, ಔಷಧಿಯ ಹೆಸರು ಬರೆದುಕೊಳ್ಳಲು ಕಾಗದ ಸಿಗದೆ, ಆಕೆಯ ಚೀಲದಲ್ಲಿದ್ದ ಕಾದಂಬರಿಯ ಕೊನೇ ಹಾಳೆಯನ್ನು ಪರ್ರನೆ ಹರಿದರು. ಹಾಳೆ ಮೆಡಿಕಲ್ ಶಾಪಿನಲ್ಲೇ ಉಳಿಯಿತು, ಮಹಾರಾಯರಿಗೆ ಮರೆತೂ ಹೋಯಿತು.

ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು: ಹದಿನೈದು ದಿನ ಓದುವಂತಿಲ್ಲ, ಅಳುವಂತಿಲ್ಲ. ಅರ್ಧಕ್ಕೆ ನಿಂತ ಕಥೆ ಆಕೆಯನ್ನು ಬಿಟ್ಟೀತೇ? ಗಂಡನೇ ಓದಿ ಹೇಳಬೇಕಾಯಿತು. ಮೊದಲು ಅವರು ತಮ್ಮ ಪುಸ್ತಕವನ್ನೇ ಹಿಡಿದರು. ಮುಖ್ಯಮಂತ್ರಿ ರಾಜೀನಾಮೆ ಕೊಡುವಷ್ಟರಲ್ಲಿ ಭಾಗ್ಯಲಕ್ಷ್ಮಿ ಗೊರಕೆ ಹೊಡೆಯುತ್ತಿದ್ದರು. ಸರಿ, ಆಕೆಯದೇ ಬಂತು: ಅಂಚೆ ಕಚೇರಿಯ ಹುಡುಗಿ, ಬಸ್ ಡ್ರೈವರ್ ಹುಡುಗ. ಅವರಿಬ್ಬರೂ ಕೈ ಕೈ ಹಿಡಿದಾಗಲೆಲ್ಲ ಗುರುಮೂರ್ತಿ ಕೆಮ್ಮಿ, ಇತ್ಯಾದಿ ಎಂದು ಹಾಳೆ ತಿರುಗಿಸುತ್ತಿದ್ದರು.

“ಇತ್ಯಾದಿಗೋಸ್ಕರಾನೇ ನಾನು ಓದೋದು. ಬಿಡಿಸಿ ಓದ್ರಿ” ಎಂದರು ಭಾಗ್ಯಲಕ್ಷ್ಮಿ.

ಓದಿದರು, ಕಿವಿ ಕೆಂಪಗೆ ಮಾಡಿಕೊಂಡು. ನಾಲ್ಕನೇ ದಿನ ಹುಡುಗ ಅಂಚೆ ಕಚೇರಿಯ ಬಾಗಿಲಿಗೆ ಬಂದು ನಿಂತ. ಮುಂದೆ ಬರೀ ರಟ್ಟು! ಹರಿದ ಹಾಳೆ ಗುರುಮೂರ್ತಿಯವರಿಗೆ ಆಗ ನೆನಪಾಯಿತು. ಒಪ್ಪಿಕೊಂಡರೆ ಬದುಕಿರುವ ತನಕ ಮಾತು ಕೇಳಬೇಕು. ರಟ್ಟು ನೋಡುತ್ತಲೇ ಓದತೊಡಗಿದರು. ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ: ಪೊಲೀಸರು ಬಂದರು, ಹುಡುಗನನ್ನು ಜೈಲಿಗೆ ಹಾಕಿದರು. ಕಪ್ಪು ಕನ್ನಡಕದ ಕೆಳಗೆ ಭಾಗ್ಯಲಕ್ಷ್ಮಿಯ ತುಟಿ ಅದುರಿತು. ಅಯ್ಯೋ ದೇವರೇ, ಈಕೆ ಅತ್ತರೆ ಕಣ್ಣಿನ ಗತಿಯೇನು? ಗುರುಮೂರ್ತಿ ತಕ್ಷಣ ಜಾಮೀನು ಕೊಡಿಸಿ, ನಿಂತ ಕಾಲ ಮೇಲೆ ಮದುವೆ ಮಾಡಿಸಿಬಿಟ್ಟರು.

ಹುಡುಗ ಹುಡುಗಿಗೆ ಏನಂದ ಎಂಬುದನ್ನು ಕೇಳದೆ ಆಕೆ ಬಿಡಲೊಲ್ಲರು. ಗುರುಮೂರ್ತಿ ಅಂಥ ಮಾತನ್ನು ಜನ್ಮದಲ್ಲಿ ಆಡಿದವರಲ್ಲ. ಬಾಯಿಗೆ ಬಂದದ್ದು ಬಂತು.

“ನೀನು ಆಸ್ಪತ್ರೆ ಒಳಗಿದ್ದಾಗ ನಂಗೆ ಚಾ ಕೂಡ ಗಂಟಲಲ್ಲಿ ಇಳೀಲಿಲ್ಲ.”

ಭಾಗ್ಯಲಕ್ಷ್ಮಿ ಕಪ್ಪು ಕನ್ನಡಕ ಸರಿಮಾಡಿಕೊಂಡರು.

“ನಾನು ಯಾವ ಪುಸ್ತಕ ಆದ್ರೂ ಕೊನೇ ಹಾಳೆ ಮೊದ್ಲು ಓದ್ತೀನ್ರಿ. ಆ ಹುಡುಗಿ ಆಸ್ಪತ್ರೆಗೆ ಹೋಗೋದೇ ಇಲ್ಲ.”

ಸಿಕ್ಕಿಬಿದ್ದ ಗುರುಮೂರ್ತಿ ಪುಸ್ತಕ ಮುಚ್ಚಹೋದರು.

“ಮುಚ್ಚಬ್ಯಾಡ್ರಿ. ಆ ಸಾಲು ಇನ್ನೊಂದ್ಸಲ ಓದ್ರಿ.”

ಅವರು ರಟ್ಟು ನೋಡಿಕೊಂಡೇ ಮತ್ತೊಮ್ಮೆ ಓದಿದರು. ಈ ಸಲ ಕಣ್ಣೊರೆಸಿಕೊಂಡವರು ಗುರುಮೂರ್ತಿ. ಅಳಬಾರದೆಂದು ಡಾಕ್ಟರು ಅವರಿಗೇನೂ ಹೇಳಿರಲಿಲ್ಲ.