ಲಂಡನ್ ಬಾಯಾರ ಚರಿತ್ರೆ

ಕಳೆದ ವಾರ ನಾಗಪುರದ ಸದರ್ ಪೇಟೆಯಲ್ಲಿ ಹುರಿದ ಶೇಂಗಾ ಕೊಂಡೆ. ಎಲ್ಲರೂ ಪ್ಲಾಸ್ಟಿಕ್ ಚೀಲಕ್ಕೆ ಹೋದರೂ ಈ ಗಾಡಿಯವನೊಬ್ಬ ಇನ್ನೂ ರದ್ದಿ ಕಾಗದದ ಸುರುಳಿಯಲ್ಲೇ ಕೊಡುತ್ತಾನೆ. ತಿಂದು ಮುಗಿಸಿ ಕಾಗದ ಬಿಚ್ಚಿದೆ. ಯಾರೋ ಹುಡುಗನ ಭೂಗೋಳದ ಉತ್ತರ ಪತ್ರಿಕೆ, ಮೇಲೆ ಕೆಂಪು ಪೆನ್ಸಿಲಿನ ಗೆರೆ. ತಿರುಗಿಸಿದೆ. ಹಿಂಬದಿ ಖಾಲಿ... ಇದು ನನ್ನ ಹಳೆಯ ಚಟ. ಏನು ಹುಡುಕುತ್ತೀ ಎಂದು ಕೇಳುವುದನ್ನು ನನ್ನ ಗಂಡ ಎಂದೋ ಬಿಟ್ಟಿದ್ದಾರೆ.

ನಾನು ಹುಡುಕುವುದು ಮೌಶಿಯ ಕೈಬರಹವನ್ನು. ಅವರು ಹೋಗಿ ಹತ್ತೊಂಬತ್ತು ವರ್ಷವಾಯಿತು.

ಮೌಶಿ ನಮಗೆ ರಕ್ತಸಂಬಂಧದವರಲ್ಲ. ಧಾರವಾಡದ ಕಡೆಯವರು, ಮದುವೆಯಾಗದವರು, ಇಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಇಗರ್ಜಿಯ ಹಿಂದಿನ ಓಣಿಯಲ್ಲಿ ಕೆಳಗೆ ನಾವು, ಮೇಲೆ ಅವರು. ನಾಗಪುರದಲ್ಲಿ ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ನಂಟಸ್ತಿಕೆ ತಾನಾಗಿ ಹುಟ್ಟುತ್ತದೆ. ಅವ್ವ ಅವರನ್ನು ಅಕ್ಕ ಎಂದಳು, ನನಗೆ ಅವರು ಮರಾಠಿಯ ರೂಢಿಯಂತೆ ಮೌಶಿ, ಎಂದರೆ ದೊಡ್ಡವ್ವ, ಆದರು. ಆಗ ನನಗೆ ಇಪ್ಪತ್ನಾಲ್ಕು, ಬ್ಯಾಂಕಿನ ನೌಕರಿ ಹೊಸದು. ಮನೆಯಲ್ಲಿ ಕನ್ನಡ ಆಡುತ್ತಿದ್ದೆನೇ ಹೊರತು ಓದಿದ್ದೆಲ್ಲ ಮರಾಠಿ ಶಾಲೆ. ಕನ್ನಡದ ಅಕ್ಷರ ನನಗೆ ಬರುತ್ತಿರಲಿಲ್ಲ, ಅದಕ್ಕೆ ನಾಚಿಕೆಯೂ ಇರಲಿಲ್ಲ.

ಮೌಶಿ ಹದಿನಾಲ್ಕು ವರ್ಷದಿಂದ ಒಂದು ಪುಸ್ತಕ ಬರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಕಾದಂಬರಿಯೆಂಬುದು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಸುಮಾರು ಮುನ್ನೂರು ವರ್ಷದ ಹಿಂದೆ, ಲಂಡನ್ನಿನಲ್ಲಿ ಕಥೆ ಬರೆದೇ ಹೊಟ್ಟೆ ಹೊರೆದ ಒಬ್ಬ ಹೆಂಗಸಿನ ಚರಿತ್ರೆ ಅದು. ಆಕೆಯ ಹೆಸರು ನನ್ನ ನಾಲಿಗೆಗೆ ಹತ್ತುತ್ತಿರಲಿಲ್ಲ. ಊರ ಕಡೆ ಶಾಲೆಯ ಟೀಚರನ್ನು ಕರೆಯುವ ಹಾಗೆ ಮೌಶಿ ಆಕೆಯನ್ನು ಲಂಡನ್ ಬಾಯಾರು ಎನ್ನುತ್ತಿದ್ದರು. ಕಲ್ಲಿದ್ದಲ ಹೊಗೆಯಲ್ಲಿ ಕರ್ರಗಾದ ಬೀದಿಗಳು, ಪುಸ್ತಕ ಅಚ್ಚು ಹಾಕುವವರ ಅಂಗಡಿಗಳು, ಹೆಂಗಸು ಬರೆದಳೆಂದು ಆಡಿಕೊಂಡು ನಗುವ ದೊಡ್ಡ ಕವಿಗಳು, ಅದಕ್ಕೇ ಹೆಸರು ಹಾಕದೆ ಹೊರಬರುತ್ತಿದ್ದ ಪುಸ್ತಕಗಳು... ಸಂಜೆ ಚಹಾ ಕುಡಿಯುತ್ತ ಇದನ್ನೆಲ್ಲ ಹೇಳುವಾಗ ಮೌಶಿ ಆ ಓಣಿಯಲ್ಲೇ ಬಾಡಿಗೆಗೆ ಇದ್ದು ಬಂದವರಂತೆ ಕಾಣುತ್ತಿದ್ದರು.

"ಅಕೀ ಬದುಕಿನ ಬಗ್ಗೆ ಅಲ್ಲಿಯವರಿಗೇ ಬರೋಬರ್ ಗೊತ್ತಿಲ್ಲ ನೋಡವಾ. ಬರದದ್ದು ರಾಶಿ ಐತಿ, ಬದುಕಿದ್ದು ಮಾತ್ರ ಯಾರೂ ಕಾಯ್ದಿಟ್ಟಿಲ್ಲ," ಎನ್ನುತ್ತಿದ್ದರು.

ಇಂಗ್ಲಿಷಿನಲ್ಲೇ ಬರೆಯಬಾರದೇ ಎಂದು ಒಮ್ಮೆ ಕೇಳಿದ್ದೆ. "ಇಂಗ್ಲಿಷಿನ್ಯಾಗ ಬರದ್ರ ಇಂಗ್ಲಿಷ್ ಬಲ್ಲವರಿಗೆ ತಿಳೀತದ. ನಮ್ಮವ್ವನಂಥಾಕಿಗೆ ತಿಳೀಬೇಕಲಾ," ಎಂದರು. ಅವರ ಅವ್ವ ತೀರಿಕೊಂಡು ಆಗಲೇ ಎಷ್ಟೋ ವರ್ಷವಾಗಿತ್ತು.

ಹೊಸ ಹಾಳೆ ಕಂಡರೆ ಅವರ ಕೈ ಹೆದರುತ್ತಿತ್ತಂತೆ. ಆದ್ದರಿಂದ ಕಾಲೇಜಿನ ಕಾಲದಲ್ಲಿ ತಿದ್ದಿ ಉಳಿಸಿಕೊಂಡಿದ್ದ ಕಿರುಪರೀಕ್ಷೆಯ ಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಬರೆಯುತ್ತಿದ್ದರು. ಮೌಶಿ ಬರೆಯುವುದನ್ನು ನಾನು ನೋಡಿದ್ದೆ, ಆದರೆ ಯಾವುದರ ಮೇಲೆ ಬರೆಯುತ್ತಾರೆಂದು ನೋಡಿರಲಿಲ್ಲ.

ಆ ವರ್ಷ ಶ್ರಾವಣದ ಕೊನೆಗೆ ಅವರಿಗೆ ಕಾಮಾಲೆಯಾಗಿ ಆಸ್ಪತ್ರೆ ಸೇರಿದರು. ನಾಗಪುರದಲ್ಲಿ ಎತ್ತಿನ ಹಬ್ಬ ಶ್ರಾವಣದ ಅಮಾವಾಸ್ಯೆಗೆ, ಅದರ ಮರುದಿನ ಮಾರ್ಬತ್. ದೊಡ್ಡ ಬೊಂಬೆಗಳನ್ನು ಮೆರವಣಿಗೆಯಲ್ಲಿ ಒಯ್ದು, ರೋಗರುಜಿನ ಎಲ್ಲ ತಗೊಂಡು ಹೋಗು ತಾಯಿ ಎಂದು ಕೂಗಿ ಸುಡುತ್ತಾರೆ. ಅಂದು ಮನೆಯ ಹಳೆಯ ಕಸಬರಿಗೆ, ಮುರುಕು ಸಾಮಾನೆಲ್ಲ ಹೊರಗೆ ಹಾಕಬೇಕು. ಅವ್ವ ಬೀಗದ ಕೈ ಕೊಟ್ಟು ಹೇಳಿದಳು, "ಅಕ್ಕಾರ ಮನಿನೂ ಸ್ವಚ್ಛ ಮಾಡಿ ಬಾ. ಹಳೇ ಅಡಗಲಾ ಸಾಮಾನು ಬಿದ್ದಲ್ಲಿ ಬ್ಯಾನಿ ಕುಂತಿರತೈತಿ."

ಹೋದೆ. ಕಸ ಹೊಡೆದೆ, ಹಳೆಯ ಪೇಪರು ಕಟ್ಟಿದೆ. ಮಂಚದ ಕೆಳಗೆ ಸುತಳಿಯಲ್ಲಿ ಕಟ್ಟಿದ ನಾಲ್ಕು ಗಂಟುಗಳಿದ್ದವು. ಯಾರು ಯಾರೋ ಹುಡುಗರ ಇಂಗ್ಲಿಷ್ ಉತ್ತರ, ಹಳದಿಯಾದ ಹಾಳೆ, ಹತ್ತಕ್ಕೆ ನಾಲ್ಕು, ಹತ್ತಕ್ಕೆ ಐದು. ನಿವೃತ್ತರಾದ ಮೇಲೂ ಇದನ್ನು ಕಟ್ಟಿಟ್ಟುಕೊಂಡಿದ್ದಾರಲ್ಲ ಎಂದು ನಗುತ್ತಲೇ ರದ್ದಿಯವನ ತಕ್ಕಡಿಗೆ ಹಾಕಿದೆ. ಒಂದೇ ಒಂದು ಹಾಳೆ ತಿರುಗಿಸಿದ್ದರೂ ಸಾಕಾಗಿತ್ತು. ಓದಲು ಬಾರದಿದ್ದರೂ ಅದು ಮೌಶಿಯ ಅಕ್ಷರವೆಂದು ಗೊತ್ತಾಗುತ್ತಿತ್ತು.

ಅವರು ಮನೆಗೆ ಬಂದ ದಿನ ಮೊದಲು ಬಗ್ಗಿ ನೋಡಿದ್ದು ಮಂಚದ ಕೆಳಗೆ. ನಾನು ಹೇಳಿದೆ. ಸುಳ್ಳು ಹೇಳುವಷ್ಟು ಬುದ್ಧಿಯೂ ಆಗ ಓಡಲಿಲ್ಲ. ಮೌಶಿ ಗೋಡೆ ಹಿಡಿದು ಕುಳಿತುಕೊಂಡರು.

"ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು," ಎಂದರು. ಆಮೇಲೆ, "ಲಂಡನ್ನಿನ್ಯಾಗೂ ಹಂಗ ಆಗತಿತ್ತು. ಮಾರದ ಉಳಿದ ಪುಸ್ತಕದ ಹಾಳಿ ಕಿರಾಣಿ ಅಂಗಡಿಗೆ ಹೋಗತಿದ್ವು, ಸಾಮಾನು ಕಟ್ಟಾಕ... ಅಕೀಗೆ ನಾ ಇದ್ದೆ. ನನಗ ಯಾರದಾರ?"

ನಾನು ರದ್ದಿ ಅಂಗಡಿಗೆ ಓಡಿದೆ. ಮಾಲು ಆಗಲೇ ಮುಂದಕ್ಕೆ ಹೋಗಿತ್ತು. ಕನ್ಹಾನ್ ರಸ್ತೆಯ ಗೋದಾಮಿಗೂ ಹೋದೆ, ಅಲ್ಲಿ ಕಾಗದದ ಗುಡ್ಡವೇ ಇತ್ತು. ಸದರಿನ ಶೇಂಗಾ ಗಾಡಿಗಳಲ್ಲೆಲ್ಲ ಸುರುಳಿ ಕೊಂಡು ಬಿಚ್ಚಿ ನೋಡಿದೆ. ಒಂದೂ ಸಿಗಲಿಲ್ಲ.

ನಾಲ್ಕು ದಿನ ಮುಖ ತೋರಿಸಲಿಲ್ಲ. ಐದನೆಯ ದಿನ ಒಂದು ನೋಟುಬುಕ್ಕು ಹಿಡಿದು ಹತ್ತಿದೆ. "ಮೌಶಿ, ನೀವು ಹೇಳ್ರಿ, ನಾ ಬರಕೋತೀನಿ," ಎಂದೆ. ಕಾಮಾಲೆಯ ನಂತರ ಅವರ ಕೈ ನಡುಗುತ್ತಿತ್ತು, ತಾವೇ ಬರೆಯುವ ಹಾಗಿರಲಿಲ್ಲ. ಮೌಶಿ ಕುರ್ಚಿ ತೋರಿಸಿದರು. ಆಮೇಲೆ ಮೊದಲ ಸಾಲು ಹೇಳಿದರು. ನನಗೆ ಬರುವುದು ನಾಗರಿ ಲಿಪಿ, ಕನ್ನಡದ ಮಾತನ್ನು ಅದರಲ್ಲೇ ಬರೆದುಕೊಂಡೆ. ಪುಟ ತಿರುಗಿಸಿ ನೋಡಿ ಮೌಶಿ, "ಕನ್ನಡಕ್ಕ ಮರಾಠಿ ಕಚ್ಚಿ ಸೀರಿ ಉಡಿಸಿದೇನವಾ," ಎಂದರು. ಅಷ್ಟೂ ದಿನದಲ್ಲಿ ಅವರು ನಕ್ಕದ್ದು ಅದೊಂದೇ ಸಲ.

ಬ್ಯಾಂಕಿನಿಂದ ಬಂದು ಪ್ರತಿ ಸಂಜೆ ಮೇಲೆ ಹೋಗುತ್ತಿದ್ದೆ. ಅವರು ಕಣ್ಣು ಮುಚ್ಚಿ, ಸಾಲು ಸಾಲಾಗಿ, ಗ್ರಂಥದ ಕನ್ನಡದಲ್ಲಿ ಹೇಳುವರು. ಅರ್ಧ ನನಗೆ ತಿಳಿಯುತ್ತಲೂ ಇರಲಿಲ್ಲ, ಕಿವಿಗೆ ಬಿದ್ದದ್ದು ಕೈಗೆ ಇಳಿಯುತ್ತಿತ್ತು. ಮರೆತ ಕಡೆ ನಿಲ್ಲಿಸಿ, "ಇಲ್ಲಿ ಏನೋ ಛಲೋ ಬರದಿದ್ದೆ, ಹೋತು," ಎನ್ನುವರು. ಆ 'ಹೋತು' ಕೇಳಿದಾಗೆಲ್ಲ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಕ್ಷಮಿಸಿದೆ ಎಂದು ಅವರು ಎಂದೂ ಹೇಳಲಿಲ್ಲ. ನಿಜ ಹೇಳುತ್ತೇನೆ, ನಾನು ಪ್ರೀತಿಯಿಂದ ಹೋಗುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುವಂತೆ ಉಣ್ಣಲು ಹೋಗುತ್ತಿದ್ದೆ.

ಬೇಸಿಗೆಗೆ ಮೊದಲೇ ನನಗೆ ನಾಗಪುರದಾಚೆಯ ಸಾವನೇರ್ ಶಾಖೆಗೆ ವರ್ಗವಾಯಿತು. ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಹೇಳಲು ಹೋದಾಗ ಮೌಶಿ, "ಜಲ್ದಿ ಮುಗಸಬೇಕಾಗಿತ್ತು, ಇನ್ನೂ ಅರ್ಧಾ ಐತಿ," ಎಂದರು, ಅಷ್ಟೇ. ಆದಿತ್ಯವಾರ ಬರ್ತೀನ್ರಿ ಎಂದೆ. ಮೆಟ್ಟಿಲು ಇಳಿಯುವಾಗ ನನಗೆ ಮೈ ಹಗುರವಾಗಿತ್ತು. ಮೊದಲ ಆದಿತ್ಯವಾರ ತಲೆಗೆ ಎರೆದುಕೊಂಡು ಮಲಗಿಬಿಟ್ಟೆ. ಮುಂದಿನದಕ್ಕೆ ಗೆಳತಿಯ ಮದುವೆ. ಆಮೇಲಿನವಕ್ಕೆ ನೆಪವೂ ಬೇಕಾಗಲಿಲ್ಲ... ಮಳೆಗಾಲ ಹಿಡಿಯುವ ಹೊತ್ತಿಗೆ ಮೌಶಿ ಹೋದರು. ಬ್ಯಾಂಕಿಗೆ ಫೋನು ಬಂದಾಗ ನಾನು ಕೌಂಟರಿನಲ್ಲಿದ್ದೆ.

ನೋಟುಬುಕ್ಕು ನನ್ನಲ್ಲೇ ಉಳಿಯಿತು, ಕೂತು ಓದುವ ಧೈರ್ಯ ಮಾತ್ರ ನನಗಾಗಲಿಲ್ಲ. ಲಿಪಿ ಓದಬಲ್ಲ ಮರಾಠಿಯವರಿಗೆ ಮಾತು ತಿಳಿಯದು, ಮಾತು ಬಲ್ಲ ಕನ್ನಡದವರು ಆ ಲಿಪಿ ಕಂಡು ಹಿಂದಕ್ಕೆ ಕೊಡುತ್ತಾರೆ. ಕಡೆಗೆ ಮೂರು ವರ್ಷದ ಹಿಂದೆ ಕನ್ನಡದ ಅಕ್ಷರ ಕಲಿಯಲು ಕುಳಿತೆ. ಈ ಬೇಸಿಗೆಯಿಂದ ಒಂದೊಂದೇ ಪುಟ ಕನ್ನಡಕ್ಕೆ ಇಳಿಸುತ್ತಿದ್ದೇನೆ.

ಶೇಂಗಾ ಕೊಂಡ ಮರುದಿನ ಕೊನೆಯ ಪುಟಗಳಿಗೆ ಬಂದೆ. ಅಲ್ಲಿ ಹೀಗಿದೆ: "ಆ ದಿನಗಳಲ್ಲಿ ಕೆಳಗಿನ ಮನೆಯ ತರುಣಿಯೊಬ್ಬಳು ಪ್ರತಿ ಸಂಜೆ ಬರುತ್ತಿದ್ದಳು. ಬಾಯಾರ ಕಾಗದಗಳು ಹಾಳಾದದ್ದು ಅವಳ ಕೈಯಿಂದಲೇ. ಬಾಯಾರ ಸಿಟ್ಟು ಹತ್ತು ದಿನವೂ ಉಳಿಯಲಿಲ್ಲ. ಆದರೆ ಹಾಗೆಂದು ತಿಳಿಸಿದರೆ ಹುಡುಗಿ ಬರುವುದು ನಿಂತೀತೆಂದು ಅಂಜಿ, ತಿಳಿಸದೆ ಉಳಿದರು."

ಆ ಸಂಜೆ ನೆನಪಿದೆ. ಕಾಗದ ಹಾಳಾದ ಮಾತು ಬಂದೊಡನೆ, ನನ್ನನ್ನು ಚುಚ್ಚಲಿಕ್ಕೇ ಈ ಭಾಗ ಬರೆಸುತ್ತಿದ್ದಾರೆ ಎಂದು ಮೈ ಉರಿದಿತ್ತು. ಮುಂದಿನದು ಕೈ ಬರೆಯಿತು, ನಾನು ಕೇಳಲಿಲ್ಲ.

ಈಗ ಸಿಕ್ಕ ಪುಸ್ತಕಗಳಲ್ಲೆಲ್ಲ ಹುಡುಕಿದೆ. ಲಂಡನ್ ಬಾಯಾರ ಬದುಕಿನಲ್ಲಿ ಅಂಥ ಹುಡುಗಿ ಯಾರೂ ಇಲ್ಲ. ಮೌಶಿ ಅಂಜಿದ್ದು ಸುಳ್ಳಾಗಲಿಲ್ಲ. ಅವರು ತಿಳಿಸದೇ ಇದ್ದರೂ ನಾನು ಹೋಗುವುದನ್ನು ಬಿಟ್ಟೆ.