ಎರಡನೇ ಪುಸ್ತಕದ ಮೇಡಂ

ಮೇಡಂ ಅವರ ಬಲಗೈ ತೋರುಬೆರಳಿಗೆ ಯಾವಾಗಲೂ ಒಂದು ಹಸಿರು ರಬ್ಬರ್ ಟೋಪಿ ಇರುತ್ತಿತ್ತು. ಬ್ಯಾಂಕಿನಲ್ಲಿ ನೋಟು ಎಣಿಸುವವರು ಹಾಕಿಕೊಳ್ಳುತ್ತಾರಲ್ಲ, ಅಂಥದ್ದು. ಪುಟ ತಿರುವಲು ಎಂಜಲು ಮುಟ್ಟಿಸುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಟೋಪಿ ತೆಗೆದು ಟಿಫಿನ್ ಡಬ್ಬಿಯ ಮುಚ್ಚಳದ ಮೇಲಿಡುತ್ತಿದ್ದರು. ಕೈ ತೊಳೆದ ತಕ್ಷಣ ಮತ್ತೆ ಬೆರಳಿಗೆ. ಆ ಹಸಿರು ಬೆರಳು ಯಾವ ಕಪಾಟು ತೋರಿಸಿತೋ ಆ ಕಪಾಟಿಗೆ ಹೋಗಬೇಕು. ವಾದ ನಡೆಯುತ್ತಿರಲಿಲ್ಲ.

ಅವರು ಹಾಸನದ ಯೂನಿವರ್ಸಿಟಿ ಲೈಬ್ರರಿಯಲ್ಲಿದ್ದರು. ಮನೆ ಹೊಳೆನರಸೀಪುರ. ನಾನು ಹಿರೀಸಾವೆಯಲ್ಲಿ ಹೈವೇ ಪಕ್ಕ ಹೋಟೆಲ್ ಇಟ್ಟವನು, ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ನನ್ನನ್ನು ಲೈಬ್ರರಿಗೆ ಅಟ್ಟಿದ್ದು ನಮ್ಮ ಭಾವ.

ಹೋಟೆಲ್ ಶುರು ಮಾಡಿದ್ದು ನಾನೂ ಅಕ್ಕನ ಗಂಡನೂ ಸೇರಿ. ಸಮಪಾಲು. ಅಡುಗೆಮನೆ ಭಾವನದು, ಗಲ್ಲಾ ನನ್ನದು. ಒಂದು ದಿನ ಭಾವ, ಅರಕಲಗೂಡು ನಮ್ಮೂರು, ಅಲ್ಲೇ ಸ್ವಂತ ಹೋಟೆಲ್ ಮಾಡುತ್ತೇನೆ, ನನ್ನ ಪಾಲು ಕೊಟ್ಟುಬಿಡು ಅಂದ. ನಾನು ಒಲೆ, ಫ್ರಿಜ್ಜು, ಗ್ರೈಂಡರು, ಪಾತ್ರೆ, ಟೇಬಲ್ಲು ಎಲ್ಲಕ್ಕೂ ಬೆಲೆ ಕಟ್ಟಿ ಅದರರ್ಧ ಹೇಳಿದೆ. ಭಾವ ಸೌಟು ಕುಕ್ಕಿದ.

"ಪಾತ್ರೆ ಲೆಕ್ಕ ಆಕ್ತೀಯೇನ್ಲಾ? ಬಸ್ ಡ್ರೈವರ್‌ಗಳು ಇಲ್ಲಿ ನಿಲ್ಸೋದು ನಿನ್ ಸ್ಟೀಲ್ ತಟ್ಟೆ ನೋಡಾಕಾ? ನನ್ ಸಾಂಬಾರ್‌ಗೆ ಕಣ್ಲಾ!"

"ಸಾಂಬಾರ್ನ ನೀನ್ ಜೊತೇಲೇ ತಕಂಡೋಯ್ತೀಯಲ್ಲ ಭಾವ. ಅದ್ಕ್ಯಾಕ್ ನಾನ್ ದುಡ್ಡು ಕೊಡ್ಲಿ?"

ಮಾತು ಅಲ್ಲಿಗೆ ನಿಂತಿತು. ಗೌರಿ ಹಬ್ಬಕ್ಕೆ ಬಾಗಿನದ ಮೊರ ಹಿಡಿದು ಅಕ್ಕನ ಮನೆಗೆ ಹೋದರೆ, ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ನೀವಿಬ್ರೂ ಸರಿಯಾಗೋಗಂಟ ನಾನ್ ಇದ್ನ ಮುಟ್ಟಾಕಿಲ್ಲ ಕಣಪ್ಪ. ತಕಂಡೋಗು." ಅಕ್ಕ ಅಳಲಿಲ್ಲ, ಬಯ್ಯಲಿಲ್ಲ. ಅದೇ ಕಷ್ಟವಾಯಿತು. ಮೊರ ವಾಪಸ್ ಬಂದು ಗಲ್ಲಾದ ಹಿಂದೆ ಫ್ರಿಜ್ಜಿನ ಮೇಲೆ ಕೂತಿತು. ಚಿಲ್ಲರೆ ಕೊಡಲು ತಿರುಗಿದಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು.

ಆಡಿಟರ್ ಹತ್ತಿರ ಹೋದರೆ ಭಾವ, ಅವನು ನಿನ್ನ ಕಡೆಯವನು ಅನ್ನುತ್ತಾನೆ. ಪುಸ್ತಕಕ್ಕೆ ಹಾಗನ್ನಲು ಆಗುವುದಿಲ್ಲ. ಭಾವನ ಬಾಯಿ ಮುಚ್ಚಿಸುವ ಒಂದು ಪುಸ್ತಕ ಸಿಕ್ಕರೆ ಸಾಕು ಅಂತ ಚನ್ನರಾಯಪಟ್ಟಣದಲ್ಲಿ ಬಸ್ ಬದಲಿಸಿ ಹಾಸನಕ್ಕೆ ಹೋದೆ.

ಲೈಬ್ರರಿ ಬಾಗಿಲಲ್ಲಿ ಐಡಿ ಕಾರ್ಡ್ ಕೇಳಿದರು. ಇಲ್ಲ ಅಂದೆ. ಒಳಗಿನಿಂದ ಹಸಿರು ಬೆರಳು ಎದ್ದಿತು. "ಓದೋಕೆ ತಾನೇ ಬಂದಿರೋದು? ಹೆಸರು ಬರೆದು ಬರಲಿ ಬಿಡಿ. ಪುಸ್ತಕ ಮನೆಗೆ ಒಯ್ಯೋ ಹಾಗಿಲ್ಲ, ಅಷ್ಟೇ."

ಒಳಗೊಂದು ಕಂಪ್ಯೂಟರ್ ಇತ್ತು. ಯಾವ ಪುಸ್ತಕ ಎಲ್ಲಿದೆ ಅಂತ ಅದು ತೋರಿಸುತ್ತದೆ. ಯಾರನ್ನೂ ಕೇಳದೆ 'ಹೋಟೆಲ್' ಅಂತ ಒತ್ತಿದೆ. ಅದು ಹೇಳಿದ ಕಪಾಟಿಗೆ ಹೋಗಿ ದಪ್ಪ ಪುಸ್ತಕ ಎಳೆದೆ. ಒಳಗೆ ಕರ್ಚೀಫನ್ನು ಹಂಸದ ಹಾಗೆ ಮಡಿಸುವುದು ಹೇಗೆ ಅಂತ ಚಿತ್ರ. ಮುಂದಿನ ಪುಟಕ್ಕೆ ನಾಲಿಗೆಗೆ ಬೆರಳಿಟ್ಟೆ.

"ಅದೇನು ವೀಳ್ಯದೆಲೆನಾ, ಒದ್ದೆ ಮಾಡಿ ಸವರೋಕೆ?" ಮೇಡಂ ಹಿಂದೆ ನಿಂತಿದ್ದರು. "ಏನು ಬೇಕಿತ್ತಪ್ಪ?"

"ಹೋಟ್ಲು ಪುಸ್ತಕ ಮೇಡಂ."

"ಹೋಟೆಲಿನದು ಏನು?"

"ಲೆಕ್ಕ."

"ಯಾವ ಲೆಕ್ಕ?"

"ಪಾಲು ಮಾಡೋದು."

"ಯಾರಿಗೆ ಪಾಲು? ಯಾಕೆ?"

ನನಗೆ ರೇಗಿತು. "ಪೊಲೀಸ್ನೋರೂ ಇಷ್ಟ್ ಕೇಳಾಕಿಲ್ಲ ಮೇಡಂ. ಲೆಕ್ಕ ಎಂಗೆ ಅಂತ ನೀವೇ ಏಳ್ಬುಡಿ."

"ನಂಗೆ ಲೆಕ್ಕ ಬರಲ್ಲ. ಹುಡುಕೋದು ಬರುತ್ತೆ. ಏನು ಬೇಕು ಅಂತ ನೀನೇ ಸರಿಯಾಗಿ ಹೇಳದಿದ್ರೆ ಇಷ್ಟು ಕಪಾಟಲ್ಲಿ ನಾನೆಲ್ಲಿ ಅಂತ ಹುಡುಕಲಿ?"

ಲೆಕ್ಕ ಬರಲ್ಲ ಅಂದಿದ್ದು ಸುಳ್ಳಲ್ಲ. ಆಮೇಲೆ ಎಷ್ಟೋ ಸಲ ನೋಡಿದ್ದೇನೆ, ಕ್ಯಾಂಟೀನಿನಿಂದ ಬಂದ ಚಿಲ್ಲರೆಯನ್ನು ಸಿಕ್ಕವರ ಮುಂದೆ ಹಿಡಿದು, ಸರಿಯಿದೆಯಾ ನೋಡು ಅನ್ನುತ್ತಿದ್ದರು. ಆದರೆ ಲೆಕ್ಕದ ಪುಸ್ತಕ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದರು.

ಭಾವನ ಕಥೆ ಹೇಳಿದೆ. ಬೆರಳು ಹಿಂದಿನ ಸಾಲಿನ ಕಡೆ ಹೊರಟಿತು. ಅಲ್ಲಿ ಎಲ್ಲ ಪುಸ್ತಕದ ಬೆನ್ನಿಗೂ 657 ಅಂತ ಚೀಟಿ. "ಈ ನಂಬರ್ ಎಲ್ಲಿದೆಯೋ ಅಲ್ಲೆಲ್ಲ ಅಕೌಂಟೆನ್ಸಿ," ಅಂತ ಹೇಳಿ ಕನ್ನಡದ ಬಿ.ಕಾಂ. ಪುಸ್ತಕಗಳನ್ನು ತೋರಿಸಿದರು. ನಾನು ಎಲ್ಲಕ್ಕಿಂತ ತೆಳ್ಳಗಿರುವುದನ್ನು ಆರಿಸಿದೆ. ಪಾಲುದಾರಿಕೆ ಮುರಿದರೆ ಸಾಮಾನು ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಹಂಚಿಕೊಳ್ಳಬೇಕು ಅಂತಿತ್ತು. ಎದ್ದು ನಿಂತೆ.

"ಸಿಕ್ತು ಮೇಡಂ! ನಾನ್ ಏಳಿದ್ದೇ ಐತೆ! ಜೆರಾಕ್ಸ್ ಎಲ್ಲಿ?"

"ಎರಡನೇ ಪುಸ್ತಕ?"

"ಒಂದ್ರಲ್ಲೇ ಸಿಕ್ತಲ್ಲ."

"ಒಂದೇ ಪುಸ್ತಕ ನೋಡಿದೋರನ್ನ ನಾನು ಹೊರಗೆ ಬಿಡಲ್ಲ. ಕೂತ್ಕೋ."

ಇದು ನನಗೊಬ್ಬನಿಗೆ ಅಲ್ಲ. ನೋಟ್ಸ್ ಕೇಳಿ ಬರುವ ಹುಡುಗರಿಗೂ ಇದೇ, ಟೈ ಕಟ್ಟಿದ ಮೇಷ್ಟ್ರುಗಳಿಗೂ ಇದೇ. ಎರಡನೇ ಪುಸ್ತಕ ತೆರೆಯದೆ ಯಾರೂ ಜಾಗ ಬಿಡುವಂತಿಲ್ಲ.

ದಪ್ಪನೆಯದೊಂದು ತಂದು ಮುಂದಿಟ್ಟು, ಪರಿವಿಡಿಯ ಮೇಲೆ ರಬ್ಬರ್ ಬೆರಳು ಜಾರಿಸಿದರು. "ಇದರಲ್ಲಿ ಎರಡು ಪಾಠ ಇದೆ ನೋಡು. ವ್ಯಾಪಾರ ಮುಚ್ಚೋದು ಒಂದು. ಪಾಲುದಾರ ಒಬ್ಬ ಬಿಟ್ಟು ಹೋಗೋದು ಇನ್ನೊಂದು. ನಿಮ್ಮ ಹೋಟೆಲ್ ಮುಚ್ತಾ ಇದೀರಾ?"

"ಯಾಕ್ ಮುಚ್ಚಾನ? ನಾನ್ ನಡುಸ್ತೀನಿ."

"ಹಾಗಾದ್ರೆ ನೀನು ಕುಣಿದಿದ್ದು ಬೇರೆಯವರ ಪಾಠಕ್ಕೆ."

ಎರಡನೇ ಪಾಠವನ್ನು ಸಂಜೆವರೆಗೆ ಓದಿದೆ. ಅರ್ಥವಾಗದ ಪದ ಬಂದರೆ ಮೇಡಂ ಇನ್ನೊಂದು ಪುಸ್ತಕ ತಂದಿಡುತ್ತಿದ್ದರು. ಕೊನೆಗೆ ತಲೆಗೆ ಹೋಗಿದ್ದು ಇಷ್ಟು: ಅಂಗಡಿ ನಡೆಯುತ್ತಲೇ ಇದ್ದು ಒಬ್ಬ ಮಾತ್ರ ಬಿಟ್ಟು ಹೋದರೆ ಪಾತ್ರೆಪಡಗದ ಬೆಲೆ ಸಾಲದು. ಅಂಗಡಿ ಗಳಿಸಿದ ಹೆಸರಿಗೂ ಬೆಲೆ ಇದೆ. ಅದಕ್ಕೆ ಗುಡ್‌ವಿಲ್ ಅನ್ನುತ್ತಾರೆ. ಹಿಂದಿನ ವರ್ಷಗಳ ಲಾಭ ನೋಡಿ ಅದಕ್ಕೆ ಬೆಲೆ ಕಟ್ಟಿ, ಹೋಗುವವನ ಪಾಲು ಕೊಡಬೇಕು. ಯಾಕೆಂದರೆ ಉಳಿದವನು ಆ ಹೆಸರಿನ ಕೆಳಗೇ ಕೂತು ದುಡಿಯುತ್ತಾನೆ.

ಪುಸ್ತಕ ಭಾವನ ಕಡೆ ಹೋಯಿತು!

"ಮೇಡಂ, ತೆಳ್ಳಂದು ಮಾತ್ರ ಜೆರಾಕ್ಸ್ ಮಾಡುಸ್ಕತೀನಿ," ಅಂದೆ.

"ಮಾಡಿಸ್ಕೋ, ನಿನ್ನಿಷ್ಟ. ನಾಳೆ ನಿಮ್ಮ ಭಾವ ಬಂದ್ರೆ ಅವರಿಗೂ ನಾನು ಎರಡು ಪುಸ್ತಕ ಕೊಡ್ತೀನಿ."

ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಎರಡನ್ನೂ ಜೆರಾಕ್ಸ್ ಮಾಡಿಸಿದೆ.

ರಾತ್ರಿ ಬಸ್ಸಿಗೆ ಕಾಯಲಿಲ್ಲ, ಸಿಕ್ಕ ಲಾರಿ ಹತ್ತಿ ಬಂದು ಸೀದಾ ಅಕ್ಕನ ಮನೆಗೆ ಹೋದೆ. ಭಾವನ ಕೈಗೆ ಹಾಳೆ ಕೊಟ್ಟೆ. ಅವನು ಓದಿದ. ತಿರುಗಿಸಿ ಮತ್ತೆ ಓದಿದ.

"ಇದ್ರಾಗೆ ನಿಂಗೇ ಲಾಸ್ ಆಯ್ತದಲ್ಲೋ ಬಾಮೈದ?"

"ಆಯ್ತದೆ."

"ಮತ್ಯಾಕ್ಲಾ ತಂದೆ?"

"ಮೊದಲ್ನೇ ಪುಸ್ತಕ್ದಾಗೆ ಆಗ್ತಿರ್ಲಿಲ್ಲ. ಆಯಮ್ಮ ಎರಡ್ನೇದು ಓದುಸ್ಬುಟ್ರು."

ಭಾವ ನಕ್ಕಿದ್ದು ನೋಡಬೇಕಿತ್ತು. ಗೋಡೆ ಹಿಡಿದುಕೊಂಡು ನಕ್ಕ. ಲೆಕ್ಕ ಮಾಡಿದೆವು, ಸ್ವಲ್ಪ ಕೈಗೆ, ಉಳಿದದ್ದು ಕಂತು ಅಂತ ಒಪ್ಪಿದೆವು. ಅಷ್ಟಕ್ಕೇ ಮುಗಿಯಲಿಲ್ಲ. ಹೊರಡುವುದನ್ನು ಮುಂದಕ್ಕೆ ಹಾಕಿ ಭಾವ ನಮ್ಮ ಹೊಸ ಅಡುಗೆಯವನ ಪಕ್ಕ ನಿಂತು ಸಾಂಬಾರು ಕಲಿಸಿದ. ಯಾಕೆ ಅಂದರೆ, "ಎಸ್ರಿಗೆ ದುಡ್ಡು ಇಸ್ಕಂಡಿವ್ನಿ. ರುಚಿ ಕಲುಸ್ದೆ ಬಿಟ್ಟೋದ್ರೆ ಮೋಸ ಆಯ್ತದೆ ಕಣ್ಲಾ," ಅಂದ.

ಮೊರದಲ್ಲಿ ಕಾಯಿ ಮಾತ್ರ ಬದಲಿಸಿದೆ. ಅಕ್ಕ ಸೆರಗೊಡ್ಡಿ ಬಾಗಿನ ತೆಗೆದುಕೊಂಡಳು. "ಆ ಮೇಡಂಗೂ ಒಂದ್ ಬಾಗಿನ ಕೊಡ್ಬೇಕು ಕಣೋ," ಅಂದಳು. ಮುಂದಿನ ಗೌರಿಗೆ ಅವಳೇ ಹೋಗಿ ಕೊಟ್ಟು ಬಂದಳು.

ಆಮೇಲೆ ಜಿಎಸ್‌ಟಿ ಅಂತ, ಅದು ಇದು ಅಂತ ಲೈಬ್ರರಿಗೆ ಹೋಗುತ್ತಲೇ ಇದ್ದೆ. ಕೇಳುವುದನ್ನು ಬಸ್ಸಿನಲ್ಲೇ ಸರಿಮಾಡಿಕೊಂಡು ಹೋಗುತ್ತಿದ್ದೆ. ಎರಡನೇ ಪುಸ್ತಕ ನಾನೇ ಎಳೆಯುತ್ತಿದ್ದೆ.

ಈಗ ಮೇಡಂ ರಿಟೈರ್ ಆಗಿದ್ದಾರೆ. ಒಂದು ದಿನ ಬೆಂಗಳೂರು ಬಸ್ಸಿಳಿದು ಹೋಟೆಲಿಗೆ ಬಂದರು. ಟೋಪಿಯಿಲ್ಲದ ಬೆರಳು ಬೋಳುಬೋಳಾಗಿ ಕಂಡಿತು. ದೋಸೆ ತಿಂದರು, ಸಾಂಬಾರು ಮತ್ತೆ ಹಾಕಿಸಿಕೊಂಡರು.

"ಎಂಗೈತೆ ಮೇಡಂ?"

"ಈಗಲೇ ಹೇಗೆ ಹೇಳಲಿ? ಅರಕಲಗೂಡಿಗೆ ಹೋಗಿ ನಿಮ್ಮ ಭಾವನದೂ ತಿಂದು ಹೇಳ್ತೀನಿ."

ತಮಾಷೆ ಅಂದುಕೊಂಡೆ. ಆ ವಾರವೇ ಭಾವ ಫೋನ್ ಮಾಡಿದ. "ಲೋ, ನಿನ್ ಮೇಡಂ ಬಂದು ತಿಂದ್ರು ಕಣ್ಲಾ. ಎಂಗೈತೆ ಅಂದ್ರೆ, ಇರೀಸಾವೇದು ಇನ್ನೊಂದ್ಸಲ ನೋಡ್ಬೇಕು ಅಂತಾರೆ!"

ಅವತ್ತಿನಿಂದ ಇದೇ ನಡೆದಿದೆ. ಅಲ್ಲಿ ತಿಂದು ಇಲ್ಲಿಗೆ, ಇಲ್ಲಿ ತಿಂದು ಅಲ್ಲಿಗೆ. ಯಾರದು ಚೆನ್ನಾಗಿದೆ ಅಂತ ಇವತ್ತಿಗೂ ಹೇಳಿಲ್ಲ. ಮೊದಮೊದಲು ನಾನು ಬಿಡದೆ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ಹೇಳಿಬಿಟ್ಟರೆ ಬರುವುದು ನಿಲ್ಲಿಸುತ್ತಾರೆ.