ತಾಂಬೂಲದ ಚೀಲ ಸೇರದ ಪುಸ್ತಕಗಳು

ಲೇಖಕರು ತಮ್ಮ ಪುಸ್ತಕವನ್ನು ತಾವೇ ಸಾರಿಕೊಂಡು ತಿರುಗುತ್ತಾರೆ ಎಂದು ಯಾರಾದರೂ ನಕ್ಕರೆ ನನಗೆ ಸಿಟ್ಟು ಬರುತ್ತದೆ. ನಗುವವರ ಊರಿನಲ್ಲಿ ಪುಸ್ತಕದಂಗಡಿ ಇರುತ್ತದೆ. ಆಂಧ್ರದ ಗಡಿಯೊಳಗೆ ನಾನಿರುವ ರಾಯದುರ್ಗದಲ್ಲಿ ಕನ್ನಡ ಕಥೆ ಪುಸ್ತಕ ಮಾರುವ ಅಂಗಡಿಯನ್ನು ನಾನು ಇದುವರೆಗೆ ನೋಡಿಲ್ಲ. ನಾನು ಜೀನ್ಸ್ ಪ್ಯಾಂಟ್ ಹೊಲಿಯುವ ಶೆಡ್ಡಿನಲ್ಲಿ ಕೆಲಸ ಮಾಡುವವಳು, ಓದಿದ್ದು ಐದನೆಯ ತರಗತಿ. ಹೊಸ ಪುಸ್ತಕ ಬಂದಿದೆ ಎಂದು ನನಗೆ ಹೇಳುವವರು ಯಾರು? ಬರೆದವರೇ ಹೇಳಬೇಕು. ಅವರು ಫೋನಿನಲ್ಲಿ ಮುಖಪುಟ ತೋರಿಸಿ, ಈಗಲೇ ಬೇಕೆಂದು ತಿಳಿಸಿದರೆ ಸಹಿ ಹಾಕಿ ಕಳಿಸುತ್ತೇನೆ ಎಂದು ಕೂಗಿದ್ದರಿಂದಲೇ ನನ್ನ ಟ್ರಂಕು ತುಂಬಿದೆ.

ಒಬ್ಬ ಲೇಖಕರು ದಿನಾ ಬೆಳಿಗ್ಗೆ ತಮ್ಮನ್ನು ಹೊಗಳಿದ ಓದುಗರ ಮಾತುಗಳನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಹಾಕದ ದಿನ ಅವರಿಗೆ ಮೈಗೆ ಹುಷಾರಿಲ್ಲವೇನೋ ಎಂದು ನನಗೆ ಚಿಂತೆಯಾಗುತ್ತದೆ. ಇನ್ನೊಬ್ಬರು ಲೈವಿಗೆ ಬಂದು ಅರ್ಧ ಕಥೆ ಓದಿ, ಉಳಿದದ್ದು ಪುಸ್ತಕದಲ್ಲಿದೆ ಎಂದು ಎದ್ದು ಹೋಗುತ್ತಾರೆ. ಮತ್ತೊಬ್ಬರು ಸಹಿ ಮಾಡಿದ ಪುಟದಲ್ಲಿ ಒಣಗಿದ ಬೇವಿನ ಎಲೆಯೊಂದನ್ನು ಇಟ್ಟು ಕಳಿಸಿದ್ದರು. ಆ ಎಲೆ ಪುಡಿಯಾಗದ ಹಾಗೆ ಇವತ್ತಿಗೂ ಕಾಪಾಡಿದ್ದೇನೆ. ಇವರೆಲ್ಲ ನಾಚಿಕೆ ಬಿಟ್ಟು ಕೂಗದೇ ಇದ್ದಿದ್ದರೆ ನನ್ನ ದಿನಗಳು ಬರೀ ಜಿಪ್ಪು, ಬೆಲ್ಟ್‌ಪಟ್ಟಿಗಳಲ್ಲೇ ಮುಗಿಯುತ್ತಿದ್ದವು. ಅವರಿಗೆ ನಾನು ಋಣಿ.

ಆದರೆ ಹೀಗೆ ಕೂಗಿದ ಒಬ್ಬ ಲೇಖಕಿಗೆ ಮಾತ್ರ ನಾನು ದ್ರೋಹ ಮಾಡಿದೆ. ಆಕೆ ನನ್ನ ಸ್ವಂತ ಅಕ್ಕ.

ನಾವು ಹುಟ್ಟಿದ್ದು ಕಣೇಕಲ್ಲು ಹತ್ತಿರದ ಹಳ್ಳಿಯಲ್ಲಿ. ನಾನು ಶಾಲೆ ಬಿಟ್ಟ ಮೇಲೂ ಅಕ್ಕ ತನ್ನ ಪಾಠದ ಕಥೆಗಳನ್ನು ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದಳು. ನಾನು ಸಾಲು ನುಂಗಿ ಮುಂದೆ ಓಡಿದರೆ ಜಡೆ ಹಿಡಿದು ಎಳೆಯುತ್ತಿದ್ದಳು. ನಾನು ಓದುವವಳಾದದ್ದು ಆ ಎಳೆತದಿಂದ. ಮದುವೆಯಾಗಿ ಮಡಕಶಿರಾ ಕಡೆ ಹೋದವಳು ಅಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾಳೆ. ಅವಳ ಮಾತೂ ಪೂರಾ ಆ ಕಡೆಯದಾಗಿದೆ. ಹುಳುಗಳಿಗೆ ಸೊಪ್ಪು ಹಾಕುವುದರ ನಡುವೆಯೇ ಒಂಬತ್ತು ಕಥೆ ಬರೆದು, ಬಳ್ಳಾರಿಯ ಒಂದು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದಳು.

ನಮ್ಮ ಹೊಸ ಮನೆಯ ಗೃಹಪ್ರವೇಶದ ಹಿಂದಿನ ದಿನ ಅಕ್ಕ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿಕೊಂಡು ಒಂದು ಗೋಣಿಚೀಲದೊಂದಿಗೆ ಬಂದಿಳಿದಳು. ಅದರಲ್ಲಿ ಅರವತ್ತು ಪುಸ್ತಕಗಳಿದ್ದವು. ಒಂದೊಂದರ ಒಳಗೂ ತನ್ನ ವಿಳಾಸವನ್ನು ತಾನೇ ಬರೆದ ಒಂದೊಂದು ಪೋಸ್ಟ್‌ಕಾರ್ಡ್.

"ತಾಂಬೂಲದ ಚೀಲದಾಗೆ ಕಾಯಿ, ಕುಪ್ಪಸದ ಬಟ್ಟೆ ಜೊತೆ ಒಂದೊಂದು ಇಡು ಕಣೇ. ಓದಿದವರು ಎರಡು ಸಾಲು ಬರೆದು ಡಬ್ಬಕ್ಕೆ ಹಾಕಿದ್ರೆ ಸಾಕು, ನನಗೆ ಬಂದು ಸೇರ್ತೈತೆ" ಎಂದಳು.

ನಮ್ಮತ್ತೆ ಚೀಲದೊಳಗೆ ಇಣುಕಿ ನೋಡಿದರು. "ಏನವ್ವ, ನಿಮ್ಮಕ್ಕ ಬಂದೋರಿಗೆಲ್ಲ ಪರೀಕ್ಷೆ ಇಟ್ಟಾಳೇನು? ಉಂಡು ಹೋಗೋರು ಕಾಗದ ಬರೀಬೇಕಾ?" ಎಂದರು. ಅಕ್ಕ ನಕ್ಕಳು. "ಫೇಲ್ ಮಾಡಲ್ಲ ಬಿಡಿ ಅತ್ತೆ, ಎಲ್ಲರಿಗೂ ಪಾಸೇ." ನಾನು ಮಾತ್ರ ನಗಲಿಲ್ಲ. ನಾಳೆ ಗಂಡನ ಕಡೆಯವರು, ಶೆಡ್ಡಿನ ಮಾಲೀಕರ ಮನೆಯವರು ಚೀಲ ಬಿಚ್ಚಿ ನೋಡಿ ಏನಂದುಕೊಂಡಾರು ಎಂದು ನಾಚಿಕೆಯಾಯಿತು. ದೂರದ ಲೇಖಕರು ಮಾಡಿದ್ದನ್ನೇ ಅಕ್ಕ ಮಾಡುತ್ತಿದ್ದಳು. ದೂರದವರು ಮಾಡಿದಾಗ ನನಗದು ಪ್ರೀತಿಯಾಗಿ ಕಂಡಿತ್ತು. ಇವಳು ಮಾಡಿದಾಗ ಕೈಚಾಚಿದಂತೆ ಕಂಡಿತು.

ನನಗೆ ನಾನೇ ಒಂದು ನೆಪ ಹೇಳಿಕೊಂಡೆ. ನಮ್ಮ ಕಡೆ ಮನೆಯಲ್ಲಿ ಕನ್ನಡ ಮಾತಾಡುವ ಎಷ್ಟೋ ಜನ ಶಾಲೆಯಲ್ಲಿ ಕಲಿತದ್ದು ತೆಲುಗು. ಅವರಿಗೆ ಕನ್ನಡ ಅಕ್ಷರ ಬಾರದು. ಕೊಟ್ಟರೂ ಓದುವವರು ಯಾರು? ಪೂಜೆಯ ದಿನ ಅಕ್ಕ ಅಡುಗೆಯವರ ಜೊತೆ ಇದ್ದಾಗ ಗೋಣಿಚೀಲವನ್ನು ಸಜ್ಜಾದ ಮೇಲೆ, ದೊಡ್ಡ ಹಂಡೆಯ ಹಿಂದೆ ತಳ್ಳಿದೆ. ಸಂಜೆ ಅವಳು ಕೇಳಿದಾಗ, "ಎಲ್ಲಾ ಹಂಚಿದ್ನಕ್ಕ, ಒಂದೂ ಉಳಿಲಿಲ್ಲ" ಅಂದೆ. ಅವಳ ಮುಖ ಅರಳಿದ್ದನ್ನು ನಾನು ನೇರವಾಗಿ ನೋಡಲಿಲ್ಲ.

ಅಕ್ಕ ಕಾರ್ಡುಗಳಿಗಾಗಿ ಕಾದಳು. ಮೊದಲು ವಾರಕ್ಕೊಮ್ಮೆ ಫೋನಿನಲ್ಲಿ ಕೇಳುತ್ತಿದ್ದಳು. ಜನಕ್ಕೆ ಪುರುಸೊತ್ತಿಲ್ಲ ಎಂದು ನಾನು ಹೇಳುತ್ತಿದ್ದೆ. ಆಮೇಲೆ ಕೇಳುವುದನ್ನೇ ಬಿಟ್ಟಳು. ಒಂದು ದಿನ, "ಓದಿರ್ತಾರೆ ಕಣೇ. ಇಷ್ಟ ಆಗಿರಕ್ಕಿಲ್ಲ. ಅರವತ್ತು ಜನದಾಗೆ ಒಬ್ಬರಿಗೂ ಹಿಡಿಸಲಿಲ್ಲ ಅಂದಮೇಲೆ ನಾನು ಬರೀಬಾರದು" ಎಂದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಮೂರು ವರ್ಷ ಅವಳು ಏನೂ ಬರೆಯಲಿಲ್ಲ.

ಹೋದ ವರ್ಷ ಆ ಬೇವಿನ ಎಲೆಯ ಲೇಖಕರ ಹೊಸ ಪುಸ್ತಕದ ಬಗ್ಗೆ ಅವರಿಗೆ ನಾನು ಉದ್ದಕ್ಕೆ ಬರೆದು ಕಳಿಸಿದೆ. 'ನಿಮ್ಮಂಥ ಓದುಗರು ಒಬ್ಬರಿದ್ದರೆ ಸಾಕು' ಎಂದು ಅವರು ಉತ್ತರಿಸಿದರು. ಹಿಗ್ಗಿನಲ್ಲಿ ಅದನ್ನು ಹಾಗೇ ಅಕ್ಕನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ವಾಟ್ಸಾಪಿನಲ್ಲಿ ಅವಳ ಧ್ವನಿಸಂದೇಶ ಬಂತು: "ಒಬ್ಬರು ಸಾಕು ಅಂದವ್ರಾ? ಪುಣ್ಯವಂತರು. ಆ ಒಬ್ಬರು ಸಿಕ್ಕವ್ರೆ." ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೂರು ಸಲ ಅದನ್ನೇ ಕೇಳಿ, ಸ್ಟೂಲ್ ಹತ್ತಿ ಗೋಣಿಚೀಲ ಇಳಿಸಿದೆ. ಅಡಿಯಲ್ಲಿದ್ದ ಆರು ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತು.

ಮರುದಿನ ಒಂದು ಪುಸ್ತಕವನ್ನೂ ಒಂದಷ್ಟು ಕಾರ್ಡುಗಳನ್ನೂ ಶೆಡ್ಡಿಗೆ ಒಯ್ದೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಪಕ್ಕದ ಮಿಷನ್ನಿನವಳ ಕೈಗೆ ಕೊಟ್ಟೆ. ಅವಳು ತಿರುಗಿಸಿ ಮುರುಗಿಸಿ ನೋಡಿ, "ನನಗ ಕನ್ನಡ ಮಾತು ಬರ್ತೈತಿ, ಅಕ್ಷರ ಬರಂಗಿಲ್ಲ. ನೀನ ಓದು, ಕೇಳ್ತೀವಿ" ಎಂದಳು. ಎಷ್ಟು ಸರಳವಾದ ಮಾತು! ಮೂರು ವರ್ಷದ ನನ್ನ ನೆಪ ಅಷ್ಟರಲ್ಲೇ ಉದುರಿಹೋಯಿತು. ಓದಿದೆ.

ಮೊದಲ ಕಥೆಯಲ್ಲಿ ಒಬ್ಬ ಹೆಂಗಸು ತವರಿನ ಮದುವೆಗೆ ಹೊರಡಬೇಕು. ಆದರೆ ಅಂದೇ ಅವಳ ಹುಳುಗಳು ಜ್ವರದಿಂದ ಏಳುತ್ತವೆ. ಹುಳು ಪೊರೆ ಬಿಡಲು ಸುಮ್ಮನೆ ಮಲಗುವುದಕ್ಕೆ ಆ ಕಡೆ ಜ್ವರವೆನ್ನುತ್ತಾರೆ; ಎದ್ದ ಹುಳುವಿಗೆ ಸೊಪ್ಪು ತಪ್ಪುವಂತಿಲ್ಲ. ಸೊಪ್ಪಿನ ಬುಟ್ಟಿ ಹಿಡಿದು ಅವಳು ಬಾಗಿಲಲ್ಲಿ ನಿಂತಿರುವಾಗ ಬಸ್ಸಿನ ಹಾರನ್ ಕೇಳಿಸುತ್ತದೆ. ಕಥೆ ಅಲ್ಲಿಗೇ ಮುಗಿಯುತ್ತದೆ.

"ಮುಂದ?" ಎಂದರು ಎಲ್ಲರೂ.

"ಅಷ್ಟೇ."

"ಅಷ್ಟೇ ಅಂದ್ರೇನು? ಹತ್ತಿದ್ಲೋ ಇಲ್ಲೋ? ಆಕಿ ಗಂಡಗ ಸೊಪ್ಪು ಹಾಕಾಕ ಕೈಯಿಲ್ಲೇನು?"

"ಬರದಾಕಿನ್ನ ಕೇಳ್ರಿ" ಎಂದು ಕಾರ್ಡುಗಳನ್ನು ಕೊಟ್ಟೆ. ಅವರು ಬರೆದರು. ತಮಗೆ ಬರುವ ತೆಲುಗು ಅಕ್ಷರದಲ್ಲಿ ತಮ್ಮದೇ ಕನ್ನಡ ಮಾತನ್ನು ಬರೆದು, ಕೆಳಗೆ ಹೆಸರು, ಶೆಡ್ಡಿನ ವಿಳಾಸ ಹಾಕಿದರು. ಪಕ್ಕದ ಮಿಷನ್ನಿನವಳು ಬರೆದದ್ದು ಹೀಗೆ: 'ಅಕ್ಕಾರ, ಆಕಿ ಬಸ್ ಹತ್ತಿದ್ಲಾ ಇಲ್ಲೇನ್ರಿ? ನಮಗ ಊಟ ಸೇರವಲ್ದು. ಲಗೂನ ತಿಳಿಸ್ರಿ.' ಏಳು ಕಾರ್ಡುಗಳನ್ನು ನಾನೇ ಅಂಚೆ ಡಬ್ಬಿಗೆ ಹಾಕಿದೆ.

ನಾಲ್ಕನೆಯ ದಿನ ಅಕ್ಕನ ಫೋನು ಬಂತು. ಉಸಿರಿಗೂ ಬಿಡುವಿಲ್ಲದಂತೆ ಮಾತಾಡಿದಳು. "ಏನೇ ಇದು! ತೆಲುಗು ಅಕ್ಷರದಾಗೆ ಕನ್ನಡ ಬರೆದವ್ರೆ! ಒಬ್ಬಳಂತೂ ನನ್ನನ್ನ ಬೈದವ್ಳೆ! ನಿನ್ನ ಗೃಹಪ್ರವೇಶಕ್ಕೆ ಬಂದೋರೇ ಅಲ್ವಾ? ಇಷ್ಟು ವರ್ಷ ಇಟ್ಕೊಂಡು ಈಗ ಓದಿದ್ರಾ?"

ಹೌದೆಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು ಅಷ್ಟು ಸಂತೋಷದಲ್ಲಿದ್ದಳು. ಬಾಯಿಯವರೆಗೆ ಬಂದಿತ್ತು. ಆದರೆ ಹೌದೆಂದರೆ ಆ ಸುಳ್ಳನ್ನು ಮತ್ತೆ ಎಷ್ಟು ವರ್ಷ ಹೊರಬೇಕೋ ಎಂದು ಹೆದರಿ, ನಡೆದದ್ದನ್ನು ಹೇಳಿದೆ.

"ಎಲ್ಲಿಟ್ಟಿದ್ದೆ?"

"ಸಜ್ಜಾ ಮ್ಯಾಲೆ, ಅಕ್ಕ."

"ಅರವತ್ತೂ?"

"ಹೂಂ. ನನಗ ನಾಚಿಕಿ ಆಗಿತ್ತು."

ಫೋನು ಕಟ್ಟಾಯಿತು. ನಾನು ಮಾಡಿದರೆ ಎತ್ತಲಿಲ್ಲ. ಭಾವ ಎತ್ತಿ, "ಹುಳದ ಮನೇಲವ್ಳೆ ಕಣಮ್ಮ" ಎಂದರು. ಮರುದಿನವೂ ಹುಳದ ಮನೆ. ಅದರ ಮರುದಿನವೂ ಅದೇ.

ಹತ್ತು ಹನ್ನೆರಡು ದಿನವಾದ ಮೇಲೆ ಶೆಡ್ಡಿನ ವಿಳಾಸಕ್ಕೆ ಏಳು ಕಾರ್ಡು ಬಂದವು, ಏಳೂ ಜನರಿಗೆ ಬೇರೆ ಬೇರೆ. ನನಗೆ ಇರಲಿಲ್ಲ. ಅವನ್ನು ಓದಿ ಹೇಳಲು ನನ್ನ ಅಗತ್ಯವೂ ಇರಲಿಲ್ಲ. ಅಕ್ಕ ತೆಲುಗು ಅಕ್ಷರದಲ್ಲೇ ಕನ್ನಡ ಬರೆದಿದ್ದಳು. ಪಕ್ಕದ ಮಿಷನ್ನಿನವಳು ಎದ್ದು ನಿಂತು ತನ್ನದನ್ನು ತಾನೇ ಗಟ್ಟಿಯಾಗಿ ಓದಿದಳು: 'ಅವಳು ಆವತ್ತು ಬಸ್ ಹತ್ತಲಿಲ್ಲಮ್ಮ. ರೇಷ್ಮೆಗೂಡು ಮಾರಿದ ಮೇಲೆ ಹತ್ತಿದಳು. ಅದನ್ನೂ ಬರೆಯಬೇಕು ಅಂತ ನೀವು ಬೈದಮೇಲೆ ಹೊಳೆಯಿತು. ಬರೆಯುತ್ತಾ ಇದ್ದೀನಿ.' ಮೂಲೆಯಲ್ಲಿ ಸಣ್ಣದಾಗಿ, ಕನ್ನಡ ಅಕ್ಷರದಲ್ಲಿ ಒಂದೇ ಸಾಲಿತ್ತು. ಅದು ನನಗೆ: 'ಓದಿ ಹೇಳುವವಳಿಗೆ: ಎರಡನೇ ಕಥೆ ನಿಧಾನಕ್ಕೆ ಓದು, ಸಾಲು ನುಂಗಬೇಡ.'

ನನ್ನ ಕೈ ತಾನಾಗಿಯೇ ಜಡೆಯ ಮೇಲೆ ಹೋಯಿತು. ಆಮೇಲೆ ಅಕ್ಕ ಮಾತಾಡಿದ್ದಾಳೆ, ಆದರೆ ಮೊದಲಿನಷ್ಟಲ್ಲ. ನಮ್ಮ ಮನೆಗೆ ಬರುತ್ತೇನೆ ಎಂದಿಲ್ಲ, ಬರುವುದಿಲ್ಲ ಎಂದೂ ಇಲ್ಲ. ಅವಳು ಮತ್ತೆ ಬರೆಯುತ್ತಿದ್ದಾಳೆ. ಅವಳಿಂದ ಬೇಡುವ ಯೋಗ್ಯತೆ ನನಗಿದ್ದದ್ದೂ ಅಷ್ಟೇ.

ಹೋದ ತಿಂಗಳು ಪಕ್ಕದ ಮಿಷನ್ನಿನವಳ ಮಗಳ ಸೀಮಂತ ಬೊಮ್ಮನಹಾಳಿನಲ್ಲಿ ನಡೆಯಿತು. ತಾಂಬೂಲದ ಚೀಲ ತುಂಬುವ ಕೆಲಸವನ್ನು ಕೇಳಿ ಪಡೆದೆ. ಕಾಯಿ, ಕುಪ್ಪಸದ ಬಟ್ಟೆ, ಅದರ ಮೇಲೆ ಪುಸ್ತಕ, ಪುಸ್ತಕದೊಳಗೆ ಕಾರ್ಡು. ಒಬ್ಬ ಅಜ್ಜಿ ಚೀಲದಿಂದ ಪುಸ್ತಕ ತೆಗೆದು, "ಇದೇನವ್ವ? ನನಗ ಓದಾಕ ಬರಂಗಿಲ್ಲ" ಎಂದರು.

"ನಮ್ಮಕ್ಕ ಬರದಿರೋದ್ರಿ" ಎಂದೆ, ಪಕ್ಕದ ಸಾಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ. "ಕುಂದುರ್ರಿ, ಒಂದು ಕಥಿ ನಾನ ಓದಿ ಹೇಳ್ತೀನಿ."